ಮುಚ್ಚಿದ ಬಾಗಿಲಿನ ಋಣ

ಕಳೆದ ವರ್ಷದ ಒಂದು ಶ್ರಾವಣ ಸೋಮವಾರ. ಮಧ್ಯಾಹ್ನ ಮೂರು ಗಂಟೆ ಇರಬಹುದು. ನೀರು ಕುಡಿಯಲೆಂದು ಕೋಣೆಯ ಬಾಗಿಲು ತೆಗೆದೆ. ಬಾಗಿಲ ಪಕ್ಕದ ಗೋಡೆಗೆ ಒರಗಿ ಅವ್ವ ನೆಲದ ಮೇಲೆ ಕೂತಿದ್ದಳು. ಹಣೆಯ ಮೇಲೆ, ಕುತ್ತಿಗೆಯ ಮೇಲೆ ಬೆವರು. ಕೈ ಮುಟ್ಟಿದರೆ ತಣ್ಣಗಿತ್ತು, ನಡುಗುತ್ತಿತ್ತು. "ಏನಾತವ್ವಾ?" ಅಂದೆ. ಉತ್ತರ ಬರಲು ಹೊತ್ತಾಯಿತು. "ಏನಿಲ್ಲ ತಮ್ಮಾ, ಸ್ವಲ್ಪ ಕಣ್ಣಿಗೆ ಕತ್ತಲಿ ಬಂದಂಗಾತು. ನಿಂದು ಮೀಟಿಂಗ ಮುಗೀತೇನು?"

ಸೋಮವಾರ ಒಪ್ಪತ್ತು ಮಾಡುವ ಅವ್ವ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಎಂದಿನಂತೆ ಬೆಳಿಗ್ಗೆಯೇ ನುಂಗಿದ್ದಳು, ಊಟವನ್ನು ಮಾತ್ರ ಸಂಜೆಗೆ ಇಟ್ಟುಕೊಂಡಿದ್ದಳು. ಬೆರಳು ಚುಚ್ಚಿ ಯಂತ್ರದಲ್ಲಿ ನೋಡಿದರೆ 54. ಸಕ್ಕರೆ ನೀರು ಕುಡಿಸಿದೆ, ಬಾಳೆಹಣ್ಣು ತಿನ್ನಿಸಿದೆ. ಕಾಲು ಗಂಟೆ ಬಿಟ್ಟು ಮತ್ತೆ ನೋಡಿದಾಗ ಅಂಕಿ ಮೇಲೆ ಬಂದಿತ್ತು, ಮುಖಕ್ಕೂ ಬಣ್ಣ ಬಂದಿತ್ತು. ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ಇಬ್ಬರನ್ನೂ ಬೈದು, ಉಪವಾಸದ ದಿನ ಗುಳಿಗೆಯ ಲೆಕ್ಕ ಹೇಗಿರಬೇಕೆಂದು ಹೇಳಿದರು. ಅಲ್ಲಿಗೆ ಆ ದಿನದ ಗಾಬರಿ ಮುಗಿಯಿತು.

ಸಂಜೆ ಕೇಳಿದೆ, "ಎಷ್ಟೊತ್ತಾಗಿತ್ತವ್ವಾ ಅಲ್ಲಿ ಕುಂತು?"

"ಇಪ್ಪತ್ತು ನಿಮಿಷ ಆಗಿರಬೇಕು. ಬಾಗಲಾ ಬಡೀಬೇಕಂತನ ಬಂದಿದ್ದೆ. ಕೆಂಪು ಕಾರ್ಡ್ ಇತ್ತಲ್ಲ. ನಿನ್ನ ಕೆಲಸ ಕೆಡಬಾರದಂತ ಅಲ್ಲೇ ಕುಂತೆ."

ಕೆಂಪು ಕಾರ್ಡ್ ಮಾಡಿಕೊಟ್ಟವಳು ನಾಲ್ಕನೇ ಕ್ಲಾಸಿನಲ್ಲಿರುವ ನನ್ನ ಮಗಳು. ರಟ್ಟಿನ ಒಂದು ಮಗ್ಗುಲಿಗೆ ಕೆಂಪು, ಇನ್ನೊಂದು ಮಗ್ಗುಲಿಗೆ ಹಸಿರು ಕಾಗದ ಅಂಟಿಸಿ, ದಾರ ಕಟ್ಟಿ, ಬಾಗಿಲ ಹಿಡಿಕೆಗೆ ತೂಗುಬಿಟ್ಟಿದ್ದಳು. ಕೆಂಪಿದ್ದರೆ ಅಪ್ಪ ಮೀಟಿಂಗಿನಲ್ಲಿದ್ದಾನೆ, ಹಸಿರಿದ್ದರೆ ಒಳಗೆ ಬರಬಹುದು. ಮೊದಲ ವಾರ ನಾನೂ ಉತ್ಸಾಹದಿಂದ ತಿರುಗಿಸಿದೆ. ಆಮೇಲೆ ಬೆಳಿಗ್ಗೆ ಕೆಂಪು ಮಾಡಿ ಒಳಹೊಕ್ಕರೆ ಸಂಜೆಯವರೆಗೆ ಅದು ಕೆಂಪೇ. ತಿರುಗಿಸಲು ಮರೆಯುತ್ತಿದ್ದೆ ಎಂದು ಹೇಳಬಹುದಿತ್ತು. ಆದರೆ ಮರೆವು ನನಗೆ ಅನುಕೂಲವಾಗಿಯೇ ಇತ್ತು.

ಇನ್ನು ಹೇಳಬೇಕಾದ ಮಾತು. ಆ ಇಪ್ಪತ್ತು ನಿಮಿಷ ನಾನು ಯಾವ ಮೀಟಿಂಗಿನಲ್ಲೂ ಇರಲಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಫಲಿತಾಂಶ ಗೊತ್ತಿದ್ದ ಹಳೆಯದೊಂದು ಕ್ರಿಕೆಟ್ ಪಂದ್ಯದ ತುಣುಕುಗಳನ್ನು ನೋಡುತ್ತ ಕೂತಿದ್ದೆ.

ಇದನ್ನು ಅವತ್ತು ಅವ್ವನಿಗೆ ಹೇಳಲಿಲ್ಲ. "ಮೀಟಿಂಗ ಮುಗೀತೇನು?" ಅಂದದ್ದಕ್ಕೆ "ಹೂಂ" ಅಂದಿದ್ದೆ. ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಮನೆಯಿಂದ ಕೆಲಸ ಮಾಡುವ ನಾವು ಮನೆಯವರಿಗೆ ಏನನ್ನು ಕೊಡಬೇಕಾದವರು? ಸಮಯವನ್ನೆ? ಗಮನವನ್ನೆ? ಅಥವಾ ಅದಕ್ಕೂ ಮೊದಲು ಇನ್ನೇನಾದರೂ ಇದೆಯೆ?

*

2020ರ ಮಾರ್ಚ್ 24ರ ರಾತ್ರಿ ದೇಶಕ್ಕೆ ಬೀಗ ಬಿದ್ದಾಗ, ನಮ್ಮ ಪುಣೆಯ ವಾಕಡಿನ ಫ್ಲ್ಯಾಟಿನಲ್ಲಿ ಊಟದ ಮೇಜೇ ನನ್ನ ಆಫೀಸಾಯಿತು. ಮೂರು ವಾರದ ಮಾತು ಅಂದುಕೊಂಡಿದ್ದೆವು. ಅಪ್ಪ ತೀರಿಕೊಂಡ ಮೇಲೆ ಇಳಕಲ್ಲಿನಲ್ಲಿ ಒಬ್ಬಳೇ ಇದ್ದ ಅವ್ವನನ್ನು ಆ ವರ್ಷದ ಕೊನೆಗೆ ಕರೆತಂದೆ. "ಹೆಂಗೂ ನೀ ಮನ್ಯಾಗ ಇರ್ತೀಯಲ್ಲ" ಎಂಬ ಒಂದೇ ಮಾತಿಗೆ ಅವಳು ಊರು ಬಿಟ್ಟು ಬಂದಳು. ಹೆಂಡತಿ ಬ್ಯಾಂಕಿನವಳು. ಕೋವಿಡ್ ಇದ್ದಾಗಲೂ ಕೌಂಟರಿಗೆ ಹೋಗಿ ಕೂರಲೇಬೇಕಿತ್ತು, ಈಗಲೂ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆ ಏಳು. ಹಾಗಾಗಿ ನಮ್ಮ ಮನೆಯ ಲೆಕ್ಕವೆಲ್ಲ ನಿಂತದ್ದು ಒಂದೇ ನಂಬಿಕೆಯ ಮೇಲೆ: ಹಗಲು ಹೊತ್ತು ಮನೆಯಲ್ಲಿ ನಾನಿರುತ್ತೇನೆ.

ನಾನೂ ಇದ್ದೆ. ಒಂದು ಗೋಡೆಯ ಆಚೆ.

ಕೋಣೆಯೊಳಗೆ ಇನ್ನೊಂದು ಬಣ್ಣದ ಆಟ ನಡೆಯುತ್ತದೆ, ಅದು ನಿಮಗೂ ಗೊತ್ತು. ಆಫೀಸಿನ ಆ್ಯಪಿನಲ್ಲಿ ನಮ್ಮ ಹೆಸರಿನ ಪಕ್ಕ ಒಂದು ಹಸಿರು ಚುಕ್ಕೆ. ಕೆಲವು ನಿಮಿಷ ಕೀಲಿ ಮುಟ್ಟದೆ ಕೂತರೆ ಅದು ಹಳದಿಯಾಗುತ್ತದೆ. ಹಳದಿಯಾಗದಿರಲೆಂದು ಮೌಸನ್ನು ತಾನಾಗಿಯೇ ಅಲುಗಾಡಿಸುವ ಪುಟ್ಟ ಯಂತ್ರಗಳು ಕೂಡ ಮಾರಾಟಕ್ಕಿವೆ. ನಾನು ಅದನ್ನು ಕೊಂಡಿಲ್ಲ, ಆದರೆ ಕಷಾಯ ಕುಡಿಯುತ್ತ ಎಡಗೈಯಿಂದ ಮೌಸನ್ನು ಸುಮ್ಮನೆ ಸರಿಸಿದ್ದೇನೆ. ಆಫೀಸಿನ ಕಡೆ ಹಸಿರು ಚುಕ್ಕೆ 'ನಾನಿಲ್ಲಿದ್ದೇನೆ' ಅನ್ನುತ್ತದೆ. ಮನೆಯ ಕಡೆ ಕೆಂಪು ಕಾರ್ಡ್ 'ನಾನಿಲ್ಲಿಲ್ಲ' ಅನ್ನುತ್ತದೆ. ಆ ಸೋಮವಾರ ಮೂರು ಗಂಟೆಗೆ ಎರಡೂ ಒಟ್ಟಿಗೆ ಸುಳ್ಳಾಗಿದ್ದವು.

ಇದರಲ್ಲಿ ಯಾವ ಸುಳ್ಳು ದೊಡ್ಡದು? ಕಂಪನಿಯ ಕಡೆಯಿಂದ ನೋಡಿದರೆ ಇಪ್ಪತ್ತು ನಿಮಿಷದ ಸಂಬಳ. ಅದಕ್ಕೆ ನನ್ನಲ್ಲಿ ಉತ್ತರ ಸಿದ್ಧವಿದೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಅಮೆರಿಕದವರ ಜೊತೆ ಮಾತಾಡಿದ್ದೆ, ಆ ಲೆಕ್ಕ ಯಾರೂ ಬರೆದಿಟ್ಟಿಲ್ಲ. ಕಂಪನಿಗೂ ಅದು ಗೊತ್ತು, ನನಗೂ ಗೊತ್ತು. ಇಬ್ಬರೂ ಕಣ್ಣುಮುಚ್ಚಿಕೊಂಡು ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಅದು. ಅವ್ವನೊಂದಿಗೆ ಅಂಥ ವ್ಯವಹಾರವಿಲ್ಲ. ಕೆಂಪು ಕಾರ್ಡನ್ನು ನಂಬಿ ಅವಳು ಮಿಕ್ಸರ್ ಹಚ್ಚುವುದನ್ನು ಬಿಟ್ಟಿದ್ದಳು. ಕುಕ್ಕರಿನ ಸೀಟಿ ಮೂರಾಗುವ ಮೊದಲೇ ಓಡಿ ಹೋಗಿ ಒಲೆ ಸಣ್ಣ ಮಾಡುತ್ತಿದ್ದಳು. ಊರಿನ ತಂಗಿಗೆ ಫೋನ್ ಮಾಡಬೇಕೆಂದರೆ ಬಾಲ್ಕನಿಗೆ ಹೋಗಿ, ಗಾಜಿನ ಬಾಗಿಲೆಳೆದುಕೊಂಡು, ಸೆರಗು ಬಾಯಿಗೆ ಅಡ್ಡ ಹಿಡಿದು ಪಿಸುಗುಡುತ್ತಿದ್ದಳು. ಇವೆಲ್ಲ ನಾನು ನೋಡಿರದ ಸಂಗತಿಗಳಲ್ಲ, ನೋಡಿಯೂ ಲೆಕ್ಕಕ್ಕೆ ಹಿಡಿಯದವು. ಅವಳು ಪ್ರತಿದಿನ ತನ್ನ ಸದ್ದನ್ನು ನನಗೆ ಕೊಡುತ್ತಿದ್ದಳು. ನಾನು ಅದರಲ್ಲಿ ಕೆಲಸ ಮಾಡಿದರೆ ಅದು ಕೊಡುಗೆ. ಕೆಲಸ ಮಾಡದೆ ಬಳಸಿಕೊಂಡರೆ ಅದಕ್ಕೆ ಏನೆನ್ನಬೇಕು?

*

ಮರುದಿನ ಅವ್ವ ಒಂದು ಮಾತು ಹೇಳಿದಳು. ನನ್ನನ್ನು ಆಡಿಕೊಳ್ಳಲು ಅಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ ಮಾತು. "ನಿಮ್ಮ ಮುತ್ಯಾನ ಮಗ್ಗ ನಿಂತ್ರ ಇಡೀ ಮನೀಗೆ ಗೊತ್ತಾಗ್ತಿತ್ತು. ನಿಂದು ಯಾವಾಗ ನಡದಿರತೈತಿ, ಯಾವಾಗ ನಿಂತಿರತೈತಿ, ನಂಗ ಹೆಂಗ ತಿಳೀಬೇಕು?"

ಮನೆಯಿಂದ ಕೆಲಸ ಎಂಬುದು 2020ರಲ್ಲಿ ಹುಟ್ಟಿದ್ದೆಂದು ನಾವು ಮಾತಾಡುತ್ತೇವೆ. ನೇಕಾರರ ಮನೆಯಲ್ಲಿ ಹುಟ್ಟಿದವನು ನಾನೇ ಹಾಗೆ ಮಾತಾಡಿದರೆ ನಗು ಬರಬೇಕು. ಇಳಕಲ್ಲಿನ ನಮ್ಮ ಹಳೇ ಮನೆಯಲ್ಲಿ ನಡುಮನೆಯೇ ಮಗ್ಗದ ಮನೆ. ನೆಲದಲ್ಲಿ ತೋಡಿದ ಗುಂಡಿಯೊಳಗೆ ಕಾಲಿಳಿಬಿಟ್ಟು ಮುತ್ಯಾ ಕೂರುತ್ತಿದ್ದ. ಲಾಳಿ ಅತ್ತಿಂದಿತ್ತ ಓಡುವ ಸದ್ದು ಬೆಳಗಿನಿಂದ ದೀಪ ಹಚ್ಚುವವರೆಗೆ. ಅಡುಗೆ ಮನೆಗೆ ಹೋಗಬೇಕಾದರೂ ಮಗ್ಗದ ಪಕ್ಕವೇ ದಾಟಬೇಕು. ನಮ್ಮ ಕಡೆ ಅಜ್ಜಿಗೆ 'ಅಮ್ಮ' ಅನ್ನುತ್ತೇವೆ. ಅಮ್ಮ, ಅವ್ವ, ಅತ್ತೆಯಂದಿರು ಕಂಡಿಕೆ ಸುತ್ತುತ್ತ ಸುತ್ತಲೂ ಕೂತಿರುತ್ತಿದ್ದರು. ಮಕ್ಕಳಾದ ನಾವು ಅಲ್ಲೇ ಉಣ್ಣುತ್ತಿದ್ದೆವು, ಅಲ್ಲೇ ಜಗಳಾಡುತ್ತಿದ್ದೆವು.

ಮುತ್ಯಾನನ್ನು ಯಾವಾಗ ಮಾತಾಡಿಸಬೇಕು, ಯಾವಾಗ ಕೂಡದು ಎಂಬುದು ನಮಗೆ ಯಾರೂ ಹೇಳಿಕೊಡದೆ ಗೊತ್ತಿತ್ತು. ಲಾಳಿ ಓಡುತ್ತಿದ್ದಾಗ ಮಾತಾಡಿಸಬಹುದು, ಅವನು ನೇಯುತ್ತಲೇ ಉತ್ತರ ಕೊಡುತ್ತಿದ್ದ. ಎಳೆ ಹರಿದು ಸದ್ದು ನಿಂತರೆ ಸ್ವಲ್ಪ ತಡೆಯಬೇಕು. ಇಳಕಲ್ ಸೀರೆಯಲ್ಲಿ ಮೈಗೆ ಒಂದು ಹಾಸು, ಸೆರಗಿಗೆ ಬೇರೆಯೇ ಹಾಸು. ಎರಡರ ಎಳೆಗಳನ್ನು ಒಂದರೊಳಗೊಂದು ಕುಣಿಕೆ ಹಾಕಿ ಜೋಡಿಸುವ ಕೆಲಸಕ್ಕೆ ಕೊಂಡಿ ಅನ್ನುತ್ತಾರೆ. ಆ ಕೊಂಡಿ ಹಾಕುವ ಹೊತ್ತಿಗೆ ಮಾತ್ರ ಮನೆ ಗಪ್‌ಚಿಪ್. ಅದು ದಿನವಿಡೀ ಇರುತ್ತಿರಲಿಲ್ಲ. ಮುಗಿಯುತ್ತಿತ್ತು, ಮುಗಿದದ್ದು ಎಲ್ಲರಿಗೂ ಕಾಣುತ್ತಿತ್ತು. ಇನ್ನು ಮುತ್ಯಾ ಬೀಡಿ ಸೇದಲು ಕಟ್ಟೆಗೆ ಹೋದರೆ ಅವನು ಬೀಡಿ ಸೇದುತ್ತಿದ್ದಾನೆ ಎಂಬುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಮಗ್ಗ ನಿಂತಿದೆ, ಮನುಷ್ಯ ಕಟ್ಟೆಯ ಮೇಲಿದ್ದಾನೆ, ಅಷ್ಟೇ.

ನನ್ನ ಮುಖವನ್ನು ನೋಡಿ ಹಾಗೆ ಹೇಳಲಾಗುವುದಿಲ್ಲ. ಕಂಪನಿಯ ಸರ್ವರ್ ಬಿದ್ದು ಹೋಗಿದ್ದಾಗಲೂ, ಮದುವೆಯ ಫೋಟೋ ನೋಡುತ್ತಿದ್ದಾಗಲೂ, ಸಾಲದ ಕಂತಿನ ಲೆಕ್ಕ ಹಾಕುತ್ತಿದ್ದಾಗಲೂ ಅದೇ ಭಂಗಿ, ಅದೇ ಗಂಟಿಕ್ಕಿದ ಹುಬ್ಬು, ಅದೇ ಪರದೆಯ ಬೆಳಕು. ಕೆಲಸದ ಸದ್ದು ಅಡಗಿಹೋಗಿದ್ದರಿಂದ ಮನೆಯವರು ಸದ್ದು ಮಾಡದಂತಾಗಿದ್ದಾರೆ. ಯಾವ ಗಳಿಗೆ ಕೊಂಡಿಯದು, ಯಾವ ಗಳಿಗೆ ಬೀಡಿಯದು ಎಂದು ತಿಳಿಯದವರು ಎಲ್ಲ ಗಳಿಗೆಯನ್ನೂ ಕೊಂಡಿಯ ಗಳಿಗೆ ಅಂದುಕೊಂಡು ಉಸಿರು ಹಿಡಿದಿರಬೇಕಾಗುತ್ತದೆ.

ಹಾಗೆಂದು ಮಗ್ಗದ ಮನೆಯನ್ನು ಸ್ವರ್ಗ ಮಾಡಲು ನಾನು ಸಿದ್ಧನಿಲ್ಲ. ಸಾಹುಕಾರ ನೂಲು ಕೊಡುತ್ತಿದ್ದ, ಸೀರೆಗಿಷ್ಟು ಎಂದು ಮಜೂರಿ ಎಣಿಸುತ್ತಿದ್ದ. ಆ ಮಜೂರಿ ಮುತ್ಯಾನ ಕೈಗೆ ಬರುತ್ತಿತ್ತು. ಸೀರೆಯಲ್ಲಿ ಎಂಟು ಕೈಗಳ ದುಡಿಮೆ ಇರುತ್ತಿತ್ತು, ಕೂಲಿ ಮಾತ್ರ ಎರಡು ಕೈಗೆ. ಕಂಡಿಕೆ ಸುತ್ತಿದ ಅವ್ವನಿಗೆ ಯಾರೂ ಒಂದು ರೂಪಾಯಿ ಎಣಿಸಿ ಕೊಟ್ಟದ್ದಿಲ್ಲ. ಅದೇ ಅವ್ವ ಈಗ ಎಪ್ಪತ್ತರ ಹತ್ತಿರ ಬಂದು, ಪುಣೆಯ ಫ್ಲ್ಯಾಟಿನಲ್ಲಿ, ನನ್ನ ಕಂಪನಿಗೆ ಮೌನವನ್ನು ಸುತ್ತಿಕೊಡುತ್ತಿದ್ದಾಳೆ. ಸಂಬಳದ ಚೀಟಿಯಲ್ಲಿ ಆಗಲೂ ಅವಳ ಹೆಸರಿರಲಿಲ್ಲ, ಈಗಲೂ ಇಲ್ಲ.

*

ದೂರದಿಂದ ಕೆಲಸ ಮಾಡುವುದಕ್ಕೆ 'ಟೆಲಿಕಮ್ಯೂಟಿಂಗ್' ಎಂಬ ಹೆಸರಿಟ್ಟವರು ಜ್ಯಾಕ್ ನಿಲ್ಲೆಸ್ ಎಂಬ ಅಮೆರಿಕದ ಎಂಜಿನಿಯರ್, 1973ರಲ್ಲಿ. ಅವರ ತಲೆಯಲ್ಲಿದ್ದದ್ದು ಲಾಸ್ ಏಂಜಲಿಸ್‌ನ ರಸ್ತೆಗಳು, ಕಾರುಗಳು, ಪೆಟ್ರೋಲು. ಮನುಷ್ಯ ಕೆಲಸದ ಕಡೆ ಹೋಗುವ ಬದಲು ಕೆಲಸವೇ ತಂತಿಯ ಮೂಲಕ ಮನುಷ್ಯನ ಕಡೆ ಬರಲಿ ಎಂಬುದು ಯೋಚನೆ. ಒಳ್ಳೆಯ ಯೋಚನೆಯೇ. ಆದರೆ ತಂತಿಯ ತುದಿಯಲ್ಲಿ ಇರುವುದು ಖಾಲಿ ಕೋಣೆಯಲ್ಲ, ಜನರಿರುವ ಮನೆ. ರಸ್ತೆಗಿಳಿಯುವ ಭಾರವನ್ನು ತೆಗೆದು ಆ ಮನೆಯ ಮೇಲಿಟ್ಟರೆ ಯಾರ ಹೆಗಲಿಗೆ ಎಷ್ಟು ಬರುತ್ತದೆ ಎಂಬುದು ಆಯಾ ಮನೆಯಲ್ಲಿ ತಾನಾಗಿಯೇ ತೀರ್ಮಾನವಾಗುತ್ತದೆ. ತಾನಾಗಿಯೇ ಆಗುವ ತೀರ್ಮಾನಗಳಲ್ಲಿ ಭಾರ ಯಾರ ಪಾಲಿಗೆ ಬರುತ್ತದೆಂದು ನಾವು ಬಲ್ಲೆವು.

2017ರ ಮಾರ್ಚ್‌ನಲ್ಲಿ ಜಗತ್ತೆಲ್ಲ ನಕ್ಕ ಒಂದು ವಿಡಿಯೋ ನಿಮಗೆ ನೆನಪಿರಬಹುದು. ದಕ್ಷಿಣ ಕೊರಿಯದ ಬುಸಾನಿನಲ್ಲಿ ಪಾಠ ಹೇಳುವ ರಾಬರ್ಟ್ ಕೆಲ್ಲಿ ಎಂಬ ಪ್ರೊಫೆಸರ್ ತಮ್ಮ ಮನೆಯ ಕೋಣೆಯಿಂದ ಬಿಬಿಸಿಗೆ ಗಂಭೀರವಾಗಿ ಮಾತಾಡುತ್ತಿರುತ್ತಾರೆ. ಹಿಂದಿನ ಬಾಗಿಲು ತೆರೆದು ಪುಟ್ಟ ಮಗಳು ಕುಣಿಯುತ್ತ ಒಳಗೆ ಬರುತ್ತಾಳೆ, ಹಿಂದೆಯೇ ವಾಕರಿನಲ್ಲಿ ಕೂಸು. ಅವರ ಹೆಂಡತಿ ಓಡಿಬಂದು ಇಬ್ಬರನ್ನೂ ಎಳೆದುಕೊಂಡು ಹೋಗುತ್ತಾರೆ. ಆಗ ನಾನೂ ಮಕ್ಕಳನ್ನು ನೋಡಿ ನಕ್ಕಿದ್ದೆ. ಅವ್ವ ಬಾಗಿಲ ಹೊರಗೆ ಕೂತಿದ್ದ ದಿನದ ನಂತರ ಒಮ್ಮೆ ಮತ್ತೆ ನೋಡಿದೆ. ಈ ಸಲ ಕಣ್ಣು ಹೋದದ್ದು ಆ ತಾಯಿಯ ಮೇಲೆ. ಕ್ಯಾಮೆರಾಕ್ಕೆ ಕಾಣಬಾರದೆಂದು ಅವರು ಮೈ ಬಗ್ಗಿಸಿಕೊಂಡು, ನೆಲಕ್ಕೆ ಹತ್ತಿಕೊಂಡು, ಬಾಗಿಲೆಳೆಯುತ್ತಾರೆ. ತನ್ನದೇ ಮನೆಯಲ್ಲಿ ಒಬ್ಬರು ಹಾಗೆ ಬಗ್ಗಿ ನಡೆಯುವುದು ನನಗೆ ಪರಿಚಿತ. ನನ್ನ ಚಾರ್ಜರ್ ಕೊಡಲು ಬಂದ ಅವ್ವ ಹಾಗೆಯೇ ಬಂದಿದ್ದಳು.

ನಮ್ಮ ತಂಡದಲ್ಲಿ ಹೈದರಾಬಾದಿನಿಂದ ಕೆಲಸ ಮಾಡುವ ಒಬ್ಬ ಹೆಣ್ಣುಮಗಳಿದ್ದಾರೆ. ನನ್ನಷ್ಟೇ ಅನುಭವ, ನನಗಿಂತ ಚುರುಕು. ಅವರ ಕಡೆಯಿಂದ ಕುಕ್ಕರ್ ಕೂಗಿದರೆ ಕೂಡಲೇ "ಸಾರಿ, ಸಾರಿ" ಎಂದು ಮ್ಯೂಟ್ ಮಾಡುತ್ತಾರೆ. ನನ್ನ ಮಗಳು ಒಮ್ಮೆ ಮೀಟಿಂಗಿನ ನಡುವೆ ತೊಡೆಯೇರಿ ಕೂತಾಗ ಎಲ್ಲರೂ ನಕ್ಕು, "ಎಷ್ಟು ಒಳ್ಳೆ ಅಪ್ಪ" ಅಂದರು. ನಾನು ಕ್ಷಮೆ ಕೇಳಲಿಲ್ಲ, ಕೇಳಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಅವರ ಕೋಣೆಗೆ ಬಾಗಿಲು ಇದೆಯೋ ಇಲ್ಲವೋ ನಾನು ಕೇಳಿಲ್ಲ. ಇದ್ದರೂ ಅದಕ್ಕೆ ಕೆಂಪು ಕಾರ್ಡ್ ತೂಗುವುದು ಸುಲಭವಲ್ಲ ಎಂದು ಊಹಿಸಬಲ್ಲೆ. ನಮ್ಮ ಮನೆಗೆ ಬರುವ ಮಾವಶಿಯ ಕಥೆ ಇನ್ನೊಂದು. ಕೆಂಪು ಕಾರ್ಡ್ ಕಂಡರೆ ನನ್ನ ಕೋಣೆ ಒರೆಸಲು ಕಾಯುತ್ತಾರೆ. ಹತ್ತು ನಿಮಿಷ ಕಾದರೆ ಮುಂದಿನ ಮನೆಗೆ ಹತ್ತು ನಿಮಿಷ ತಡ, ಅಲ್ಲಿಯ ಬೈಗುಳ ಅವರಿಗೆ. ನನ್ನ ಹುಸಿ ಮೀಟಿಂಗಿನ ಬಿಲ್ಲು ಹಾಗೆ ನಾಲ್ಕು ಮನೆ ದಾಟಿ ಹೋಗುತ್ತಿತ್ತು.

*

ಇಷ್ಟೆಲ್ಲ ಬರೆದ ಮೇಲೆ ನನ್ನ ಪರವಾಗಿಯೂ ಒಂದು ಮಾತು ಆಡಬೇಕು, ಇಲ್ಲದಿದ್ದರೆ ಇದು ಬರೀ ಕೆನ್ನೆ ಬಡಿದುಕೊಳ್ಳುವ ಬರಹವಾಗುತ್ತದೆ. ನಾನು ಯಾಕೆ ಆ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಕ್ರಿಕೆಟ್ ನೋಡುತ್ತಿದ್ದೆ?

ಮೊದಲು ನಾನು ವಾಕಡಿನಿಂದ ಹಿಂಜವಡಿಗೆ ಕಂಪನಿಯ ಬಸ್ಸಿನಲ್ಲಿ ಹೋಗುತ್ತಿದ್ದೆ. ದೂರ ಹೆಚ್ಚಲ್ಲ, ಟ್ರಾಫಿಕ್ಕಿನ ದಯೆಯಿಂದ ಒಮ್ಮೊಮ್ಮೆ ಒಂದು ಗಂಟೆ. ಎಲ್ಲರಂತೆ ನಾನೂ ಆ ಒಂದು ಗಂಟೆಯನ್ನು ಶಪಿಸುತ್ತಿದ್ದೆ. ಅದು ಹೋದ ಮೇಲೆ ಅದರ ಬೆಲೆ ತಿಳಿಯಿತು. ಬಸ್ಸಿನಲ್ಲಿ ಕೂತವನು ಮ್ಯಾನೇಜರನಿಗೂ ಸೇರಿದವನಲ್ಲ, ಮನೆಗೂ ಸೇರಿದವನಲ್ಲ. ಕಿಟಕಿಗೆ ತಲೆಯಾನಿಸಿ ಹಾಡು ಕೇಳಬಹುದು, ನಿದ್ದೆ ಮಾಡಬಹುದು, ಸುಮ್ಮನಿರಬಹುದು. ಯಾರಿಗೂ ಲೆಕ್ಕ ಕೊಡಬೇಕಿಲ್ಲ. ಆಫೀಸಿನ ಕೆಳಗಿನ ಚಹದಂಗಡಿಯ ಹತ್ತು ನಿಮಿಷವೂ ಅಂಥದ್ದೇ. ಮನೆಯಿಂದ ಕೆಲಸ ಶುರುವಾದಾಗ ಆ ನಡುವಿನ ಹೊತ್ತು ಮಾಯವಾಯಿತು. ಒಂದು ಬಾಗಿಲು ದಾಟಿದರೆ ಆಫೀಸು, ಇನ್ನೊಂದು ಹೆಜ್ಜೆಗೆ ಮನೆ. ಎರಡರಲ್ಲೂ ನನ್ನನ್ನು ಬೇಡುವವರಿದ್ದಾರೆ. ಯಾರೂ ಬೇಡದ ಜಾಗ ಬೇಕೆನಿಸಿದಾಗ ನಾನು ಅದನ್ನು ಕದಿಯಬೇಕಾಯಿತು.

ಹಾಗಾದರೆ ತಪ್ಪು ವಿರಾಮದಲ್ಲಿಲ್ಲ. ಮುತ್ಯಾನ ಬೀಡಿಯೂ ವಿರಾಮವೇ, ಅದು ಯಾರಿಗೂ ಮೋಸವಾಗಿರಲಿಲ್ಲ. ತಪ್ಪಿರುವುದು ವಿರಾಮಕ್ಕೆ ಕೆಲಸದ ವೇಷ ಹಾಕಿದ್ದರಲ್ಲಿ. ವೇಷ ಹಾಕಬೇಕೆನ್ನಿಸಿದ್ದು ಯಾಕೆಂದರೆ, ಸುಮ್ಮನೆ ಕೂರುವುದಕ್ಕೆ ನನಗೇ ನಾಚಿಕೆ. ಹೆಂಡತಿ ಕೌಂಟರಿನಲ್ಲಿ ನಿಂತಿದ್ದಾಳೆ, ಅವ್ವ ಹಪ್ಪಳ ಒಣಗಿಸುತ್ತಿದ್ದಾಳೆ, ನಾನೊಬ್ಬ ಕಾಲು ಚಾಚಿ ಪಂದ್ಯ ನೋಡಿದರೆ ಹೇಗೆ? ಅದಕ್ಕೆ ಬಾಗಿಲು. ಕೆಲಸ ಅಂದರೆ ಯಾರೂ ಪ್ರಶ್ನೆ ಕೇಳುವುದಿಲ್ಲ. ನಮ್ಮ ಮನೆಗಳಲ್ಲಿ 'ಮೀಟಿಂಗ್' ಎಂಬ ಪದಕ್ಕೆ ಹಿಂದೆ 'ಪೂಜೆಗೆ ಕೂತಿದ್ದಾರೆ' ಎಂಬುದಕ್ಕಿದ್ದ ಮಹಿಮೆ ಬಂದಿದೆ.

ಕೆಲಸದ ವೇಳೆಯ ಆಚೆ ಕರೆ ಬಂದರೆ ಎತ್ತದಿರುವ ಹಕ್ಕು ಬೇಕೆಂಬ ಮಾತು ಇತ್ತೀಚೆಗೆ ಕೇಳಿಬರುತ್ತದೆ. ಫ್ರಾನ್ಸಿನಲ್ಲಿ 2017ರಿಂದ ಅದಕ್ಕೆ ಕಾನೂನಿನ ರೂಪವಿದೆ. ನಮ್ಮ ಪುಣೆ ಜಿಲ್ಲೆಯ ಬಾರಾಮತಿಯ ಸಂಸದೆ ಸುಪ್ರಿಯಾ ಸುಳೆ 2018ರಲ್ಲಿ ಲೋಕಸಭೆಯಲ್ಲಿ ಇದಕ್ಕಾಗಿ ಖಾಸಗಿ ಮಸೂದೆಯೊಂದನ್ನು ಮಂಡಿಸಿದ್ದರು, ಅದು ಕಾನೂನಾಗಲಿಲ್ಲ. ಆಗಬೇಕು ಎಂದೇ ನನ್ನ ಅಭಿಪ್ರಾಯ. ಆದರೆ ಅಂಥ ಕಾನೂನು ನನ್ನನ್ನು ಕಂಪನಿಯಿಂದ ಕಾಪಾಡಬಹುದು. ನನ್ನಿಂದ ಅವ್ವನನ್ನು ಕಾಪಾಡುವ ಕಾನೂನು ಯಾವ ಸಭೆಯಲ್ಲೂ ಮಂಡನೆಯಾಗುವುದಿಲ್ಲ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬೇಕು.

*

ಹನ್ನೆರಡನೇ ಶತಮಾನದ ಕಲ್ಯಾಣದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಕಥೆ ನಮ್ಮ ಕಡೆಯ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ, ಅದನ್ನು ಬೇಯಿಸಿ ದಾಸೋಹ ಮಾಡುವುದು ಲಕ್ಕಮ್ಮನದು. ಮಾರಯ್ಯ ಒಮ್ಮೆ ಅನುಭಾವದ ಮಾತಿನಲ್ಲಿ ಮೈಮರೆತು ಕೂತಾಗ ಕಾಯಕದ ಹೊತ್ತಾಯಿತೆಂದು ಎಚ್ಚರಿಸಿದವಳು ಅವಳೇ. ಇನ್ನೊಮ್ಮೆ ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಮರಳಿಸಿ ಬರುವಂತೆ ಕಳಿಸಿದವಳೂ ಅವಳೇ.

ಚಿಕ್ಕವನಿದ್ದಾಗ ಈ ಕಥೆಯನ್ನು ದುರಾಸೆ ಬೇಡ ಎಂಬ ನೀತಿಗಾಗಿ ಕೇಳಿದ್ದೆ. ಈಗ ಬೇರೆಯದೇ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಕಡಿಮೆಯಾದಾಗಲೂ ಹೆಚ್ಚಾದಾಗಲೂ ಲಕ್ಕಮ್ಮನಿಗೆ ತಿಳಿದದ್ದು ಹೇಗೆ? ಅಕ್ಕಿ ಅವಳ ಕೈಗೆ ಬರುತ್ತಿತ್ತು. ಗಂಡನ ದುಡಿಮೆಯ ಅಳತೆ ಅವಳ ಮೊರದಲ್ಲಿತ್ತು. ಆದ್ದರಿಂದಲೇ ಅವಳಿಗೆ ಅದನ್ನು ಪ್ರಶ್ನಿಸುವ ಅಧಿಕಾರವಿತ್ತು. ನನ್ನ ದುಡಿಮೆ ತಿಂಗಳ ಕೊನೆಗೆ ಫೋನಿನಲ್ಲಿ ಒಂದು ಮೆಸೇಜಾಗಿ ಬಂದು ಬೀಳುತ್ತದೆ. ಅದರಲ್ಲಿ ಎಷ್ಟು ಬೇಕಾದ ದುಡಿಮೆ, ಎಷ್ಟು ಬೇಡದ್ದು, ಎಷ್ಟು ಬರೀ ಹಸಿರು ಚುಕ್ಕೆ ಎಂಬುದು ಮನೆಯ ಯಾರ ಮೊರಕ್ಕೂ ಬರುವುದಿಲ್ಲ.

ಕೆಲಸ ಮತ್ತು ಬದುಕಿನ ನಡುವೆ ಸಮತೋಲ ಬೇಕು ಎಂದು ನಮ್ಮ ಕಂಪನಿಯ ಈಮೇಲುಗಳು ಹೇಳುತ್ತವೆ. ತಕ್ಕಡಿಯ ಆ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ತಕ್ಕಡಿ ಹಿಡಿದವನು ನಾನೇ, ಒಂದು ತಟ್ಟೆಯಲ್ಲಿ ಕೂತವನೂ ನಾನೇ. ಅಂಥ ತೂಕವನ್ನು ಯಾವ ಸಂತೆಯಲ್ಲೂ ಯಾರೂ ನಂಬುವುದಿಲ್ಲ. ಎಷ್ಟು ಗಂಟೆ ಅತ್ತ, ಎಷ್ಟು ಗಂಟೆ ಇತ್ತ ಎಂಬುದು ಎರಡನೆಯ ಪ್ರಶ್ನೆ. ಮೊದಲನೆಯದು, ನಾನು ಎತ್ತ ಇದ್ದೇನೆ ಎಂಬುದು ಜೊತೆಗಿರುವವರಿಗೆ ನಿಜವಾಗಿ ತಿಳಿದಿದೆಯೆ ಎಂಬುದು. ಅವರು ತಮ್ಮ ಸದ್ದನ್ನೋ ಹೊತ್ತನ್ನೋ ನನಗಾಗಿ ಬಿಟ್ಟುಕೊಡುವಾಗ, ಅದು ಯಾವುದಕ್ಕೆ ಖರ್ಚಾಗುತ್ತಿದೆ ಎಂದು ತಿಳಿಯುವ ಹಕ್ಕು ಅವರಿಗಿದೆ. ಗೊತ್ತಿದ್ದೂ ಕೊಟ್ಟರೆ ಅದು ಪ್ರೀತಿ. ಗೊತ್ತಾಗದಂತೆ ತೆಗೆದುಕೊಂಡರೆ, ತೆಗೆದುಕೊಂಡವನು ಮಗನೇ ಆಗಿದ್ದರೂ, ಅದು ಕಳವು. ಹಿಂದೆ ಕೇಳಿದ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು: ಸಮಯ, ಗಮನ ಇವೆರಡಕ್ಕೂ ಮೊದಲು ಕೊಡಬೇಕಾದದ್ದು ನಿಜ.

*

ಅವ್ವನಿಗೆ ನಿಜ ಹೇಳಲು ನನಗೆ ಹನ್ನೊಂದು ದಿನ ಬೇಕಾಯಿತು. ದೊಡ್ಡ ತಪ್ಪೊಪ್ಪಿಗೆಯಂತೆ ಮನಸ್ಸಿನಲ್ಲಿ ಮಾತುಗಳನ್ನು ಜೋಡಿಸಿಕೊಂಡಿದ್ದೆ. ಅವಳು ಹಪ್ಪಳ ತಿರುವಿ ಹಾಕುತ್ತಿದ್ದಾಗ ಬಾಲ್ಕನಿಗೆ ಹೋಗಿ ಹೇಳಿದೆ. "ಅವತ್ತ ಮೀಟಿಂಗ ಇರಲಿಲ್ಲವ್ವಾ. ಕ್ರಿಕೆಟ್ ನೋಡಾಕತ್ತಿದ್ದೆ."

ಅವಳು ಕೈ ನಿಲ್ಲಿಸಿ ನನ್ನನ್ನು ನೋಡಿದಳು. "ಕ್ರಿಕೆಟ್ ನೋಡಾಕ ಬಾಗಲಾ ಯಾಕ ಹಾಕ್ಕೊಂಡ್ಯೋ? ಇಲ್ಲೇ ಟಿವಿ ಮುಂದ ಕುಂತ ನೋಡಿದ್ರ ನಾ ಏನಾರ ಅಂತಿದ್ನೇನು?"

ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಕೇಳಿದ್ದು ನೇರ ಪ್ರಶ್ನೆ, ನನ್ನಲ್ಲಿ ಉತ್ತರವಿರಲಿಲ್ಲ. ನಾನು ಕದ್ದದ್ದು ಕೇಳಿದರೆ ಸಿಗುತ್ತಿದ್ದ ವಸ್ತುವನ್ನು. ಅವಳಿಗೆ ನನ್ನ ವಿರಾಮ ಎಂದೂ ಭಾರವಾಗಿರಲಿಲ್ಲ. ವಿರಾಮ ತೆಗೆದುಕೊಳ್ಳುವವನೆಂದು ಕಾಣಿಸಿಕೊಳ್ಳುವುದು ನನಗೆ ಭಾರವಾಗಿತ್ತು.

ಆಮೇಲೆ ನಮ್ಮ ಮನೆಯ ಕಾನೂನು ಸ್ವಲ್ಪ ಬದಲಾಗಿದೆ. ಕೆಂಪು ಕಾರ್ಡ್ ನಾನು ನಿಜವಾಗಿ ಮಾತಾಡುತ್ತಿರುವಾಗ ಅಥವಾ ತಲೆ ಎತ್ತಲಾಗದ ಕೆಲಸದಲ್ಲಿರುವಾಗ ಮಾತ್ರ. ಲೆಕ್ಕ ಹಾಕಿದರೆ ಅದು ದಿನಕ್ಕೆ ಮೂರು ಗಂಟೆ ದಾಟುವುದಿಲ್ಲ. ಉಳಿದ ಹೊತ್ತು ಬಾಗಿಲು ತೆರೆದಿರುತ್ತದೆ. ಮೈಗೆ ಹುಷಾರಿಲ್ಲದಿದ್ದರೆ ಯಾವ ಬಣ್ಣವಿದ್ದರೂ ಬಾಗಿಲು ಬಡಿಯಬೇಕು ಎಂದು ಅವ್ವನಿಂದ ಆಣೆ ಹಾಕಿಸಿಕೊಂಡಿದ್ದೇನೆ. "ಸುಮ್ಮನೆ ಕೂತಿರೋದಕ್ಕೆ ಯಾವ ಬಣ್ಣ ಅಪ್ಪಾ?" ಎಂದು ಮಗಳು ಕೇಳಿದಳು. ಅವಳೇ ಯೋಚಿಸಿ, ಬಿಳಿ ರಟ್ಟೊಂದನ್ನು ಕತ್ತರಿಸಿ, ಏನೂ ಬರೆಯದೆ ಹಾಗೇ ಕೊಟ್ಟಳು. ಮೊದಲ ಸಲ ಅದನ್ನು ತೂಗುಹಾಕಿದ ದಿನ ನನಗೆ ವಿಚಿತ್ರ ಸಂಕೋಚ. ಹೆಂಡತಿ ಬ್ಯಾಂಕಿನಿಂದ ಬಂದವಳು ಅದನ್ನು ನೋಡಿ, "ಇದನ್ನ ನನಗೂ ಒಂದು ಮಾಡಿಕೊಡಕ್ಕೆ ಹೇಳ್ರಿ" ಅಂದಳು. ನಕ್ಕೆವು. ಆಮೇಲೆ ನಗು ನಿಂತಿತು, ಯಾಕೆಂದರೆ ಅವಳಿಗೆ ಅದನ್ನು ತೂಗುಹಾಕಲು ಮನೆಯಲ್ಲಿ ಯಾವ ಬಾಗಿಲೂ ಇಲ್ಲ. ಈಗ ರಾತ್ರಿ ಊಟವಾದ ಮೇಲೆ ಒಂದು ಗಂಟೆ ನನ್ನ ಕೋಣೆ ಅವಳದು. ಮಗಳ ಹೋಂವರ್ಕು, ಮರುದಿನದ ತರಕಾರಿ ನನ್ನ ಪಾಲಿಗೆ. ದಿನವೂ ಅದು ಸಾಧ್ಯವಾಗುತ್ತದೆ ಎಂದರೆ ಸುಳ್ಳಾದೀತು. ವಾರದಲ್ಲಿ ಮೂರು ದಿನ ಆಗುತ್ತದೆ.

ಇದರಿಂದ ಎಲ್ಲ ಸರಿಹೋಯಿತೆಂದು ನಾನು ಹೇಳಲಾರೆ. ಐದು ವರ್ಷದ ಮೌನ ಒಂದು ರಟ್ಟಿನಿಂದ ಬಿಡುವುದಿಲ್ಲ. ಬಾಗಿಲು ತೆರೆದಿದ್ದಾಗಲೂ ಅವ್ವ ಪಾತ್ರೆಗಳನ್ನು ಕೂಸುಗಳಂತೆ ಎತ್ತಿಡುತ್ತಾಳೆ.

ಮೊನ್ನೆ ಕಂಪನಿಯಿಂದ ಆದೇಶ ಬಂತು. ಬರುವ ತಿಂಗಳಿನಿಂದ ವಾರಕ್ಕೆ ಎರಡು ದಿನ ಎಲ್ಲರೂ ಆಫೀಸಿಗೆ ಬರಬೇಕು. ಊಟಕ್ಕೆ ಕೂತಾಗ ಹೇಳಿದೆ. ಒಬ್ಬಳೇ ಇರಬೇಕಾಗುತ್ತದೆಂದು ಅವ್ವನಿಗೆ ಬೇಸರವಾದೀತು ಅಂದುಕೊಂಡಿದ್ದೆ.

"ಯಾವ ಎರಡು ದಿನ?" ಎಂದು ಕೇಳಿದಳು.

"ಮಂಗಳವಾರ, ಗುರುವಾರ."

"ಚಲೋ ಆತು ಬಿಡು. ಹಂಗಾದ್ರ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಎಲ್ಲಾ ಆ ದಿನಾ ಕುಟ್ಕೋತೀನಿ. ಕುಟ್ಟಲೆ ಮ್ಯಾಲಿಟ್ಟು ಎಷ್ಟ ದಿನಾ ಆತು."

ತುತ್ತು ಕೈಯಲ್ಲೇ ಉಳಿಯಿತು. ಉಳಿದ ದಿನ ಕುಟ್ಟಬೇಡ ಎಂದು ನಾನು ಅವಳಿಗೆ ಯಾವತ್ತೂ ಹೇಳಿರಲಿಲ್ಲ. ಕುಟ್ಟು ಎಂದೂ ಹೇಳಿರಲಿಲ್ಲ.

ಊಟ ಮುಗಿಸಿ, ಕುರ್ಚಿ ಹತ್ತಿ, ಅಟ್ಟದ ಮೇಲಿಂದ ಕುಟ್ಟಲೆ ಕೆಳಗಿಳಿಸಿ ತೊಳೆದಿಟ್ಟೆ. ಮರುದಿನ ಬುಧವಾರ, ಹನ್ನೊಂದಕ್ಕೆ ಮೀಟಿಂಗಿತ್ತು. "ಹತ್ತೂವರೆಗೆ ಶುರು ಮಾಡವ್ವಾ, ಹನ್ನೊಂದಕ್ಕ ನಿಲ್ಲಿಸೋದು ಬ್ಯಾಡ" ಅಂದೆ. ಅವಳು ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಮರುದಿನ ಹತ್ತೂವರೆಗೆ ಕುಟ್ಟುವ ಸದ್ದು ಶುರುವಾಯಿತು. ಹನ್ನೊಂದಕ್ಕೆ ಐದು ನಿಮಿಷವಿರುವಾಗ ನಿಂತಿತು. ನಾನು ಎದ್ದು ಅಡುಗೆ ಮನೆಗೆ ಹೋದೆ.